ಹೊಸಬರಿಗೆ ಅನಿಮೆ, ಮಾಂಗಾ ಶಿಫಾರಸು ಮಾಡುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

‘ಅನಿಮೆ ತುಂಬಾ ಚೆನ್ನಾಗಿರುತ್ತದಂತೆ, ಯಾವುದಾದರೂ ಒಂದು ಹೇಳು’ ಎಂದು ಸಹೋದ್ಯೋಗಿಯೋ ಚಿಕ್ಕಮ್ಮನ ಮಗಳೋ ಕೇಳಿದರೆ ಸಾಕು, ಜಪಾನಿನ ಈ ಆ್ಯನಿಮೇಷನ್ನಿನ (ಮತ್ತು ಅಲ್ಲಿಯ ಕಾಮಿಕ್ಸ್ ಆದ ಮಾಂಗಾದ) ಅಭಿಮಾನಿಯ ಬಾಯಿಂದ ಹದಿನೈದು ಹೆಸರುಗಳು ಒಂದೇ ಉಸಿರಿಗೆ ಹೊರಬೀಳುತ್ತವೆ. ಕೇಳಿದವರು ಅವನ್ನೆಲ್ಲ ಮೊಬೈಲಿನಲ್ಲಿ ಬರೆದುಕೊಳ್ಳುತ್ತಾರೆ, ಆಮೇಲೆ ಒಂದನ್ನೂ ನೋಡುವುದಿಲ್ಲ. ಅವರು ಕೇಳಿದ್ದು ಒಂದು, ನಾವು ಕೊಟ್ಟದ್ದು ಹದಿನೈದು. ಎಲ್ಲಿಂದ ಆರಂಭಿಸಬೇಕು ಎಂಬ ಪ್ರಶ್ನೆ ಅವರ ಬಳಿಯೇ ಉಳಿಯಿತು, ಮೊದಲಿಗಿಂತ ಭಾರವಾಗಿ.

ಈ ಮಾರ್ಗದರ್ಶಿಯ ಮೂಲ ಮಾತು ಇಷ್ಟೇ: ಒಬ್ಬರಿಗೆ ಒಂದೇ ಕೃತಿ ಹೇಳಿ. ಆ ಕೃತಿ ನಿಮ್ಮ ಇಷ್ಟದ ಪಟ್ಟಿಯ ತುದಿಯಲ್ಲಿರಬೇಕಾಗಿಲ್ಲ. ಕೇಳಿದವರ ಮನಸ್ಸಿಗೂ ಅವರ ಬಳಿಯಿರುವ ಸಮಯಕ್ಕೂ ಹೊಂದಿದರೆ ಸಾಕು. ಅದನ್ನು ಆರಿಸುವುದಕ್ಕೆ ಸ್ವಲ್ಪ ಕೆಲಸವಿದೆ.

ಹಂತ 1: ಹೆಸರು ಹೇಳುವ ಮೊದಲು ವಿಚಾರಿಸಿ

‘ನಿನಗೆ ಯಾವ ಪ್ರಕಾರ ಇಷ್ಟ?’ ಎಂದು ಕೇಳಬೇಡಿ. ಹೊಸಬರಿಗೆ ಪ್ರಕಾರಗಳೇ ಗೊತ್ತಿರುವುದಿಲ್ಲ. ‘ಆಕ್ಷನ್’ ಎಂದೋ ‘ಏನಾದರೂ ಸರಿ’ ಎಂದೋ ಹೇಳಿಬಿಡುತ್ತಾರೆ. ಅದರ ಬದಲು, ಇತ್ತೀಚೆಗೆ ಯಾವ ಸಿನಿಮಾ ನೋಡಿ ಅಥವಾ ಯಾವ ಪುಸ್ತಕ ಓದಿ ಖುಷಿಪಟ್ಟಿರಿ ಎಂದು ಕೇಳಿ. ಅವರು ಹೇಳುವ ಕೃತಿಗಿಂತ ಅದನ್ನು ವಿವರಿಸುವ ರೀತಿಯನ್ನು ಗಮನಿಸಿ. ಒಂದೇ ಪತ್ತೇದಾರಿ ಸಿನಿಮಾವನ್ನು ಒಬ್ಬರು ‘ಕೊನೆಯವರೆಗೂ ಊಹಿಸಲು ಆಗಲಿಲ್ಲ’ ಎಂದು ಮೆಚ್ಚುತ್ತಾರೆ, ಇನ್ನೊಬ್ಬರು ‘ಆ ತಂದೆ-ಮಗಳ ಸಂಬಂಧ ಮನಸ್ಸಿಗೆ ತಟ್ಟಿತು’ ಎನ್ನುತ್ತಾರೆ. ಈ ಇಬ್ಬರಿಗೆ ಒಂದೇ ಅನಿಮೆ ಹೊಂದುವುದಿಲ್ಲ.

ಆಮೇಲೆ ಸಮಯದ ವಿಷಯ. ಒಂದು ಭಾನುವಾರ ಮಧ್ಯಾಹ್ನ ಬಿಡುವಿದೆಯೋ, ದಿನವೂ ಊಟದ ಹೊತ್ತಿನ ಅರ್ಧ ಗಂಟೆ ಇದೆಯೋ? ಅಡಿಬರಹ ಓದಿಕೊಂಡು ನೋಡುವ ಅಭ್ಯಾಸ ಇದೆಯೋ, ಇದ್ದರೆ ಯಾವ ಭಾಷೆಯಲ್ಲಿ? ಕೊನೆಯದಾಗಿ, ಏನನ್ನು ನೋಡಲು ಆಗುವುದಿಲ್ಲ ಎಂಬುದನ್ನು ತಪ್ಪದೇ ಕೇಳಿ. ರಕ್ತ, ಮಕ್ಕಳ ಸಾವು, ಪ್ರಾಣಿಗಳ ಸಾವು, ಲೈಂಗಿಕ ದೃಶ್ಯ, ಆತ್ಮಹತ್ಯೆ ಇವುಗಳಲ್ಲಿ ಒಂದಾದರೂ ಕೆಲವರಿಗೆ ಸಹಿಸಲಾಗದ ವಿಷಯವಾಗಿರುತ್ತದೆ. ಕೇಳದಿದ್ದರೆ ಅವರಾಗಿಯೇ ಹೇಳುವುದು ಅಪರೂಪ.

ಹಂತ 2: ‘ಮಕ್ಕಳ ಕಾರ್ಟೂನ್’ ಎಂಬ ಮಾತಿಗೆ ಉತ್ತರ ಇಟ್ಟುಕೊಳ್ಳಿ

ಅನಿಮೆಯ ಪರಿಚಯವೇ ಇಲ್ಲ ಎನ್ನುವವರು ಬಹಳ ಸಲ ಅದನ್ನು ಈಗಾಗಲೇ ನೋಡಿರುತ್ತಾರೆ. 1990ರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಬರುತ್ತಿದ್ದ ಮೋಗ್ಲಿಯ ಕಥೆ, ಜಪಾನಿನ ನಿಪ್ಪಾನ್ ಆ್ಯನಿಮೇಷನ್ 1989ರಲ್ಲಿ ಮಾಡಿದ 52 ಕಂತುಗಳ ಅನಿಮೆ. ಡೋರೇಮಾನ್, ಶಿನ್‌ಚಾನ್ ನೋಡದೆ ಬೆಳೆದ ಮಕ್ಕಳು ಈಗ ಕಡಿಮೆ. ಜಪಾನಿನ ಯುಗೊ ಸಾಕೊ ಮತ್ತು ನಮ್ಮ ರಾಮ್ ಮೋಹನ್ ಮುಂತಾದವರು ಸೇರಿ ಮಾಡಿದ 1992ರ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಿಗೆ ಮತ್ತೆ ಬಂದಿತು. ಇದನ್ನು ನೆನಪಿಸಿದರೆ ಹಿರಿಯರ ಮುಖದಲ್ಲಿರುವ ಅನುಮಾನ ಅರ್ಧ ಇಳಿಯುತ್ತದೆ.

ಇನ್ನರ್ಧಕ್ಕೆ ಸ್ವಲ್ಪ ವಿವರಣೆ ಬೇಕು. ಜಪಾನಿನಲ್ಲಿ ಮಾಂಗಾ ಮೊದಲು ಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬರುತ್ತದೆ, ಆಮೇಲೆ ಸಂಪುಟಗಳಾಗುತ್ತದೆ. ಪತ್ರಿಕೆಯ ಓದುಗರು ಯಾರು ಎಂಬುದರ ಮೇಲೆ ಹುಡುಗರದು ಶೋನೆನ್, ಹುಡುಗಿಯರದು ಶೋಜೊ, ವಯಸ್ಕ ಗಂಡಸರದು ಸೇನೆನ್, ವಯಸ್ಕ ಹೆಂಗಸರದು ಜೋಸೆ ಎಂಬ ವಿಂಗಡಣೆ. ಇದು ಅಂಗಡಿಯ ಕಪಾಟಿನ ಅನುಕೂಲಕ್ಕೆ ಸರಿಯೇ ಹೊರತು ವಯಸ್ಸಿನ ಪ್ರಮಾಣಪತ್ರವಲ್ಲ. ಕೊಲೆಯನ್ನೇ ಕೇಂದ್ರದಲ್ಲಿಟ್ಟುಕೊಂಡ ‘ಡೆತ್ ನೋಟ್’ ಪ್ರಕಟವಾದದ್ದು ಹುಡುಗರ ವಾರಪತ್ರಿಕೆ ‘ಶೋನೆನ್ ಜಂಪ್’ನಲ್ಲಿ. ಆದ್ದರಿಂದ ‘ಶೋನೆನ್ ತಾನೇ, ಮಕ್ಕಳು ನೋಡಲಿ’ ಎಂದು ಯಾವ ತಂದೆ-ತಾಯಿಗೂ ಹೇಳಬೇಡಿ. ಮಕ್ಕಳಿಗಾಗಿ ಕೇಳಿದರೆ ನೀವು ಪೂರ್ತಿ ನೋಡಿರುವುದನ್ನು ಮಾತ್ರ ಹೇಳಿ.

ಹಂತ 3: ಉದ್ದವನ್ನು ಗಂಟೆಗಳಲ್ಲಿ ಲೆಕ್ಕ ಹಾಕಿ

ಹೊಸಬರು ಅರ್ಧಕ್ಕೆ ಬಿಡಲು ಮುಖ್ಯ ಕಾರಣ ಉದ್ದ. ಟಿವಿ ಅನಿಮೆಯ ಒಂದು ಕಂತು ಸುಮಾರು 24 ನಿಮಿಷ. ಅದರಲ್ಲಿ ಆರಂಭದ ಹಾಡು, ಕೊನೆಯ ಹಾಡು ಒಂದೂವರೆ ನಿಮಿಷದಂತೆ. 12 ಕಂತುಗಳ ಸರಣಿ ಐದು ಗಂಟೆಯೊಳಗೆ ಮುಗಿಯುತ್ತದೆ. 37 ಕಂತುಗಳ ‘ಡೆತ್ ನೋಟ್’ಗೆ ಹದಿನಾಲ್ಕೈದು ಗಂಟೆ ಬೇಕು. 64 ಕಂತುಗಳ ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ಗೆ ಇಪ್ಪತ್ತೈದು ಗಂಟೆ. 1999ರಲ್ಲಿ ಆರಂಭವಾದ ‘ಒನ್ ಪೀಸ್’ ಸಾವಿರ ಕಂತು ದಾಟಿಯೂ ಮುಗಿದಿಲ್ಲ. ‘ನರುಟೊ’ 220 ಕಂತು, ಅದರ ಮುಂದುವರಿಕೆ ‘ಶಿಪ್ಪುಡೆನ್’ 500.

ಮೊದಲ ಶಿಫಾರಸು ಒಂದು ಸಿನಿಮಾ ಆಗಿರಲಿ, ಇಲ್ಲವೇ 26 ಕಂತಿನೊಳಗೆ ಮುಗಿಯುವ ಸರಣಿಯಾಗಿರಲಿ. ‘ನೂರು ಕಂತು ದಾಟಿದ ಮೇಲೆ ರೋಚಕವಾಗುತ್ತದೆ’ ಎಂಬ ಭರವಸೆಯನ್ನು ಯಾರಿಗೂ ಕೊಡಬೇಡಿ. ‘ಒನ್ ಪೀಸ್’ ಮೇಲೆ ಪ್ರಾಣವನ್ನೇ ಇಟ್ಟುಕೊಂಡವರಿಗೂ ನಾನು ಹೇಳುವುದು ಇದನ್ನೇ: ಅದು ಎರಡನೆಯ ವರ್ಷದ ಶಿಫಾರಸು.

ಹಂತ 4: ವ್ಯಕ್ತಿಗೆ ಕೃತಿ ಹೊಂದಿಸಿ

ಥ್ರಿಲ್ಲರ್ ಪ್ರಿಯರಿಗೆ ‘ಡೆತ್ ನೋಟ್’ ಇಂದಿಗೂ ಒಳ್ಳೆಯ ಬಾಗಿಲು. ಹೆಸರು ಬರೆದರೆ ಆ ವ್ಯಕ್ತಿ ಸಾಯುವ ಪುಸ್ತಕ ಒಬ್ಬ ಬುದ್ಧಿವಂತ ವಿದ್ಯಾರ್ಥಿಗೆ ಸಿಗುತ್ತದೆ, ಅವನಷ್ಟೇ ಬುದ್ಧಿವಂತ ಪತ್ತೇದಾರ ಬೆನ್ನು ಹತ್ತುತ್ತಾನೆ. ಕಥೆ ಮೊದಲ ಕಂತಿನಲ್ಲೇ ಹಿಡಿದುಕೊಳ್ಳುತ್ತದೆ. 26ರ ಮಿತಿಯನ್ನು ನಾನು ಮೀರುವುದು ಇದೊಂದಕ್ಕೇ. 25ನೇ ಕಂತಿನ ನಂತರ ಕಥೆ ಹೊಸ ಘಟ್ಟಕ್ಕೆ ಹೊರಳುತ್ತದೆ, ಅಲ್ಲಿ ಉತ್ಸಾಹ ಸ್ವಲ್ಪ ಇಳಿಯಬಹುದು ಎಂದು ಮೊದಲೇ ತಿಳಿಸಿ.

ಕ್ರೀಡೆ ಇಷ್ಟಪಡುವವರಿಗೆ ‘ಹೈಕ್ಯೂ’. ಎತ್ತರ ಕಡಿಮೆಯಿರುವ ಹುಡುಗನೊಬ್ಬ ವಾಲಿಬಾಲ್ ಅಂಕಣದಲ್ಲಿ ತನ್ನ ಜಾಗ ಹುಡುಕುವ ಕಥೆ. ಮೊದಲ ಸೀಸನ್ 25 ಕಂತು. ಊರಿನ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಗಳನ್ನು ರಾತ್ರಿಯಿಡೀ ನಿಂತು ನೋಡಿದವರಿಗೆ ಇದರಲ್ಲಿ ಏನನ್ನೂ ವಿವರಿಸಬೇಕಾಗಿಲ್ಲ. ಚೆಂಡು ಎತ್ತಿಕೊಡುವವನಿಗೂ ಹೊಡೆಯುವವನಿಗೂ ನಡುವಿನ ನಂಬಿಕೆ ಏನೆಂದು ಅವರಿಗೆ ಗೊತ್ತು.

ಕೃಷಿ ಹಿನ್ನೆಲೆಯವರಿಗೆ ನಾನು ಆರಿಸುವುದು ‘ಸಿಲ್ವರ್ ಸ್ಪೂನ್’. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಇದನ್ನು ಶಿಫಾರಸು ಮಾಡುವವರು ತೀರ ಕಡಿಮೆ. ಬರೆದವರು ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ನ ಹಿರೋಮು ಅರಕಾವಾ. ಅವರು ಹೊಕ್ಕೈಡೊ ದ್ವೀಪದ ಹೈನುಗಾರಿಕೆಯ ಕುಟುಂಬದಲ್ಲಿ ಬೆಳೆದವರು. ಓದಿನ ಒತ್ತಡದಿಂದ ತಪ್ಪಿಸಿಕೊಳ್ಳಲು ನಗರದ ಹುಡುಗನೊಬ್ಬ ಕೃಷಿ ಪ್ರೌಢಶಾಲೆ ಸೇರುತ್ತಾನೆ. ಬೆಳಗಿನ ಜಾವ ಎದ್ದು ಕೊಟ್ಟಿಗೆ ಗುಡಿಸುವುದು, ಕೋಳಿಮೊಟ್ಟೆ ಎಲ್ಲಿಂದ ಬರುತ್ತದೆ ಎಂದು ಮೊದಲ ಸಲ ಕಣ್ಣಾರೆ ಕಂಡು ತಿನ್ನಲು ಹಿಂಜರಿಯುವುದು, ಸಾಲದ ಹೊರೆಯಲ್ಲಿ ಸಹಪಾಠಿಯ ಮನೆ ಕುಸಿಯುವುದು, ಎಲ್ಲವೂ ಇದೆ. ಬಡಕಲು ಹಂದಿಮರಿಯೊಂದಕ್ಕೆ ಅವನು ಹೆಸರಿಟ್ಟು ಸಾಕುತ್ತಾನೆ, ಅದು ಕಸಾಯಿಖಾನೆಗೆ ಹೋಗುವುದು ನಿಶ್ಚಿತ ಎಂದು ಗೊತ್ತಿದ್ದೂ. ಆ ಪ್ರಶ್ನೆಯಿಂದ ಕಥೆ ಮುಖ ತಿರುಗಿಸುವುದಿಲ್ಲ. ಸಸ್ಯಾಹಾರಿ ಮನೆಯವರಿಗೆ ಈ ಭಾಗದ ಬಗ್ಗೆ ಮುಂಚೆಯೇ ಹೇಳಿಬಿಡಿ. ಎರಡು ಸೀಸನ್ ಸೇರಿ 22 ಕಂತು.

ಜನಪದ ಕಥೆ, ಕಾಡು, ಮೌನ ಇವನ್ನು ಇಷ್ಟಪಡುವ ಓದುಗರಿಗೆ ‘ಮುಶಿಶಿ’. ಪ್ರಾಣಿಯೂ ಅಲ್ಲದ ಸಸ್ಯವೂ ಅಲ್ಲದ ‘ಮುಶಿ’ ಎಂಬ ಜೀವಿಗಳು ಮನುಷ್ಯರ ಬಾಳಿನಲ್ಲಿ ತೊಡಕು ತರುತ್ತವೆ, ಗಿಂಕೊ ಎಂಬ ಅಲೆಮಾರಿ ಅವಕ್ಕೆ ಪರಿಹಾರ ಹುಡುಕುತ್ತಾನೆ. ಪ್ರತಿ ಕಂತೂ ಸ್ವತಂತ್ರ ಕಥೆಯಾದ್ದರಿಂದ ವಾರಕ್ಕೆ ಒಂದು ನೋಡಿದರೂ ನಡೆಯುತ್ತದೆ. ಮಲಗುವ ಮುನ್ನ ಒಂದು ಕಂತು ನೋಡಿದರೆ ಇನ್ನೂ ಚೆನ್ನ.

ಮನಸ್ಸು ಹಗುರವಾಗಲಿ ಎಂದು ಬಯಸುವವರಿಗೆ 12 ಕಂತುಗಳ ‘ಬರಾಕಮೋನ್’: ಹಿರಿಯರೊಬ್ಬರ ಟೀಕೆ ಸಹಿಸದೆ ಅವರ ಮೇಲೆ ಕೈ ಮಾಡಿದ ಯುವ ಅಕ್ಷರಕಲಾವಿದ, ಗೊಟೊ ದ್ವೀಪದ ಹಳ್ಳಿಯೊಂದರಲ್ಲಿ ಮಕ್ಕಳ ಕಾಟದ ನಡುವೆ ಮತ್ತೆ ಬರೆಯಲು ಕಲಿಯುತ್ತಾನೆ. ಪ್ರೇಮಕಥೆ ಬೇಕೆನ್ನುವವರಿಗೆ ಮಕೊಟೊ ಶಿಂಕಾಯ್ ಅವರ 2016ರ ‘ಯುವರ್ ನೇಮ್’. ಜಾಝ್ ಸಂಗೀತ, ಹಳೆಯ ಹಾಲಿವುಡ್ ಸಿನಿಮಾ ಎಂದರೆ ಪ್ರೀತಿ ಇರುವವರಿಗೆ 1998ರ ‘ಕೌಬಾಯ್ ಬೀಬಾಪ್’, 26 ಕಂತು. ಯೊಕೊ ಕಾನ್ನೊ ಅವರ ಸಂಗೀತವೇ ಅರ್ಧ ಕಥೆ ಹೇಳುತ್ತದೆ.

ಮೊದಲನೆಯದಾಗಿ ಕೊಡಬಾರದವುಗಳೂ ಇವೆ. ‘ನಿಯಾನ್ ಜೆನೆಸಿಸ್ ಇವಾಂಜೆಲಿಯನ್’ ದೊಡ್ಡ ಕೃತಿ, ಅದರಲ್ಲಿ ಸಂದೇಹವಿಲ್ಲ. ಆದರೆ ದೈತ್ಯ ರೋಬೋಗಳ ಕಥೆಗಳ ಪರಂಪರೆ ಗೊತ್ತಿದ್ದಾಗಲೇ ಅದು ಒಡೆಯುತ್ತಿರುವುದೇನು ಎಂದು ಅರಿವಾಗುತ್ತದೆ. ಅದು ಕಾಯಲಿ.

ಹಂತ 5: ಕಥೆ ಬಿಟ್ಟುಕೊಡದೆ ಎಚ್ಚರಿಕೆ ಕೊಡಿ

2025ರಲ್ಲಿ ಎಲ್ಲರೂ ತಮ್ಮ ಫೋಟೊಗಳನ್ನು ಘಿಬ್ಲಿ ಶೈಲಿಗೆ ಬದಲಿಸಿಕೊಂಡ ಮೇಲೆ ಜಪಾನಿನ ಆ ಅನಿಮೆ ಸ್ಟುಡಿಯೊದ ಹೆಸರು ಮನೆಮನೆಗೆ ತಲುಪಿದೆ, ಸಿನಿಮಾಗಳು ತಲುಪಿಲ್ಲ. ‘ಘಿಬ್ಲಿ ಸಿನಿಮಾ ಯಾವುದಾದರೂ ನೋಡಿ’ ಎಂದು ಹೇಳುವುದು ಅಪಾಯ. ಹಯಾವೊ ಮಿಯಾಝಾಕಿ ಅವರ ‘ಮೈ ನೇಬರ್ ಟೊಟೊರೊ’, ಇಸಾವೊ ತಕಾಹಾತಾ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಎರಡೂ ಘಿಬ್ಲಿಯವೇ. 1988ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಒಂದೇ ಟಿಕೆಟಿಗೆ ಜೋಡಿಯಾಗಿ ಬಿಡುಗಡೆಯಾದವು. ಮೊದಲನೆಯದನ್ನು ನಾಲ್ಕು ವರ್ಷದ ಮಗು ನೋಡಬಹುದು. ಎರಡನೆಯದರಲ್ಲಿ ಯುದ್ಧದ ಬಾಂಬ್ ದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡ ಅಣ್ಣ-ತಂಗಿ ಹಸಿವಿನೊಂದಿಗೆ ಸೆಣಸುತ್ತಾರೆ. ಗಟ್ಟಿ ಮನಸ್ಸಿನವರೂ ನೋಡಿ ಮುಗಿಸಿದ ಮೇಲೆ ಬಹಳ ಹೊತ್ತು ಮಾತಾಡಲಾರರು. ಹೆಸರು ನೋಡಿ ಮಕ್ಕಳೊಂದಿಗೆ ಕುಳಿತವರ ಸ್ಥಿತಿಯನ್ನು ಊಹಿಸಿಕೊಳ್ಳಿ.

ಎಚ್ಚರಿಕೆ ಹೇಗಿರಬೇಕೆಂದರೆ, ವಿಷಯ ಏನೆಂದು ತಿಳಿಯಬೇಕು, ಯಾರಿಗೆ ಏನಾಗುತ್ತದೆಂದು ತಿಳಿಯಬಾರದು. ‘ಎ ಸೈಲೆಂಟ್ ವಾಯ್ಸ್’ ಬಗ್ಗೆ ಹೀಗೆ ಹೇಳಬಹುದು: ‘ಕಿವಿ ಕೇಳದ ಹುಡುಗಿಯನ್ನು ಶಾಲೆಯಲ್ಲಿ ಪೀಡಿಸಿದ ಹುಡುಗ ಮುಂದೆ ಪಶ್ಚಾತ್ತಾಪಪಡುವ ಕಥೆ. ಆತ್ಮಹತ್ಯೆಯ ವಿಷಯ ಬರುತ್ತದೆ. ಮನಸ್ಸು ಸರಿಯಿಲ್ಲದ ದಿನ ಬೇಡ.’ ಇಷ್ಟು ಸಾಕು.

ಹಂತ 6: ನೋಡುವ ಕ್ರಮವನ್ನು ನೀವೇ ಹೇಳಿ

ಒಂದೇ ಹೆಸರಿನಲ್ಲಿ ಎರಡು ಮೂರು ರೂಪಗಳಿರುವುದು ಹೊಸಬರನ್ನು ಗೊಂದಲಕ್ಕೆ ತಳ್ಳುತ್ತದೆ. ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ 2003ರಲ್ಲಿ ಬಂದಾಗ ಮಾಂಗಾ ಇನ್ನೂ ಮುಗಿದಿರಲಿಲ್ಲ, ಹಾಗಾಗಿ ಅನಿಮೆ ತನ್ನದೇ ದಾರಿ ಹಿಡಿಯಿತು. 2009ರ ‘ಬ್ರದರ್‌ಹುಡ್’ ಮಾಂಗಾವನ್ನು ಕೊನೆಯವರೆಗೂ ಅನುಸರಿಸುತ್ತದೆ. ಹೊಸಬರಿಗೆ ‘ಬ್ರದರ್‌ಹುಡ್’ ಎಂಬ ಪದವನ್ನು ಒತ್ತಿ ಹೇಳಿ.

‘ಡೀಮನ್ ಸ್ಲೇಯರ್’ ಇನ್ನೊಂದು ಉದಾಹರಣೆ. 2025ರ ಸೆಪ್ಟೆಂಬರ್‌ನಲ್ಲಿ ಅದರ ಸಿನಿಮಾ ‘ಇನ್ಫಿನಿಟಿ ಕ್ಯಾಸಲ್’ ಹಿಂದಿ, ತಮಿಳು, ತೆಲುಗು ಡಬ್ಬಿಂಗ್‌ನೊಂದಿಗೆ ನಮ್ಮ ಚಿತ್ರಮಂದಿರಗಳಿಗೆ ಬಂದಾಗ ಗೆಳೆಯರ ಜೊತೆ ಹೋಗಿ ಬಂದವರು ಅನೇಕರು. ಅವರು ನೋಡಿದ್ದು ದೊಡ್ಡ ಕಥೆಯ ಕೊನೆಯ ಘಟ್ಟ. ಅಂಥವರು ಕೇಳಿದರೆ ಚೀಟಿಯಲ್ಲಿ ಬರೆದುಕೊಡಿ: ಮೊದಲ ಸೀಸನ್ನಿನ 26 ಕಂತು, ನಂತರ ‘ಮುಗೆನ್ ಟ್ರೇನ್’ ಸಿನಿಮಾ, ನಂತರ ‘ಎಂಟರ್‌ಟೈನ್‌ಮೆಂಟ್ ಡಿಸ್ಟ್ರಿಕ್ಟ್’ 11, ‘ಸ್ವೋರ್ಡ್‌ಸ್ಮಿತ್ ವಿಲೇಜ್’ 11, ‘ಹಶಿರಾ ಟ್ರೇನಿಂಗ್’ 8. ‘ಮುಗೆನ್ ಟ್ರೇನ್’ ಟಿವಿ ಕಂತುಗಳಾಗಿಯೂ ಇದೆ, ಸಿನಿಮಾ ನೋಡಿದವರು ಅದನ್ನು ಬಿಡಬಹುದು.

ಹಂತ 7: ಎಲ್ಲಿ, ಯಾವ ಭಾಷೆಯಲ್ಲಿ ಎಂದು ಮೊದಲೇ ನೋಡಿಡಿ

ಹೆಸರು ಹೇಳಿ ‘ಎಲ್ಲಾದರೂ ಸಿಗುತ್ತದೆ’ ಎಂದರೆ ಕೆಲಸ ಅರ್ಧವಾದಂತೆ. ಘಿಬ್ಲಿ ಸಿನಿಮಾಗಳು 2020ರಿಂದ ಭಾರತದ ನೆಟ್‌ಫ್ಲಿಕ್ಸ್‌ನಲ್ಲಿವೆ. ಸರಣಿಗಳಿಗೆ ಕ್ರಂಚಿರೋಲ್ ಎಂಬ ಸ್ಟ್ರೀಮಿಂಗ್ ತಾಣ ದೊಡ್ಡ ಭಂಡಾರ. ಯೂಟ್ಯೂಬ್‌ನಲ್ಲಿ ಮ್ಯೂಸ್ ಇಂಡಿಯಾ ಎಂಬ ಚಾನೆಲ್ ಕಾನೂನುಬದ್ಧವಾಗಿಯೇ ಕೆಲವು ಸರಣಿಗಳನ್ನು ಉಚಿತವಾಗಿ ಕೊಡುತ್ತದೆ. ಹಕ್ಕುಗಳು ಕೈ ಬದಲಾಗುತ್ತಿರುತ್ತವೆ, ಆದ್ದರಿಂದ ಶಿಫಾರಸು ಮಾಡುವ ದಿನವೇ ಒಮ್ಮೆ ಹುಡುಕಿ ನೋಡಿ, ಕೊಂಡಿಯನ್ನೇ ಕಳಿಸಿ. ಕಳ್ಳತಾಣಗಳಿಗೆ ದಾರಿ ತೋರಿಸಬೇಡಿ. ಅಲ್ಲಿಯ ಅಶ್ಲೀಲ ಜಾಹೀರಾತು, ಅರೆಬರೆ ಅನುವಾದದ ಅಡಿಬರಹ ಎರಡೂ ಹೊಸಬರ ಮನಸ್ಸಿನಲ್ಲಿ ಅನಿಮೆಯ ಹೆಸರಿಗೇ ಅಂಟಿಕೊಳ್ಳುತ್ತವೆ. ಚಿತ್ರ ಬಿಡಿಸಿದವರಿಗೆ ಒಂದು ಪೈಸೆಯೂ ಸೇರುವುದಿಲ್ಲ.

ಭಾಷೆಯ ವಿಷಯದಲ್ಲಿ ಕನ್ನಡಿಗರ ಕಷ್ಟ ನಿಜವಾದದ್ದು. ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಹೆಚ್ಚುತ್ತಿದೆ, ಕನ್ನಡ ಆ ಪಟ್ಟಿಯಲ್ಲಿ ಕಾಣುವುದು ತೀರ ವಿರಳ. ಇಂಗ್ಲಿಷ್ ಅಡಿಬರಹವನ್ನು ವೇಗವಾಗಿ ಓದಬಲ್ಲವರಿಗೆ ಜಪಾನಿ ಧ್ವನಿಯೇ ಒಳ್ಳೆಯದು. ಓದುವುದು ಶ್ರಮವೆನಿಸಿದರೆ ಅವರಿಗೆ ಬರುವ ಯಾವುದೇ ಭಾಷೆಯ ಡಬ್ಬಿಂಗ್ ಇರಲಿ. ಇದರಲ್ಲಿ ಮೇಲು-ಕೀಳು ಮಾಡಬೇಡಿ. ಎರಡೂ ಆಗದ ಹಿರಿಯರಿಗೆ ಮಾತು ಕಡಿಮೆಯಿರುವ ಸಿನಿಮಾ ಆರಿಸಿ, ಪಕ್ಕದಲ್ಲಿ ಕುಳಿತು ಬೇಕಾದಲ್ಲಿ ಕನ್ನಡದಲ್ಲಿ ಹೇಳಿ.

‘ಟೊಟೊರೊ’ ಅಂಥ ಸಿನಿಮಾ. ಅದರ ಬಸ್ ನಿಲ್ದಾಣದ ದೃಶ್ಯವನ್ನೇ ನೋಡಿ. ಮಳೆ ಸುರಿಯುತ್ತಿದೆ, ಕತ್ತಲಾಗುತ್ತಿದೆ, ಅಪ್ಪ ಬರಬೇಕಾದ ಬಸ್ ಬಂದಿಲ್ಲ. ಅಕ್ಕ ಸಾತ್ಸುಕಿಯ ಬೆನ್ನ ಮೇಲೆ ತಂಗಿ ಮೇಯ್ ನಿದ್ದೆ ಹೋಗಿದ್ದಾಳೆ. ಪಕ್ಕದಲ್ಲಿ ಬಂದು ನಿಲ್ಲುವ ಟೊಟೊರೊ ಎಂಬ ಭಾರೀ ಪ್ರಾಣಿಯ ತಲೆಯ ಮೇಲೆ ಒಂದೇ ಒಂದು ಎಲೆ. ಸಾತ್ಸುಕಿ ಅಪ್ಪನಿಗೆಂದು ತಂದ ಕೊಡೆಯನ್ನು ಅದಕ್ಕೆ ಕೊಡುತ್ತಾಳೆ. ಮರದಿಂದ ದೊಡ್ಡ ಹನಿಯೊಂದು ಕೊಡೆಯ ಮೇಲೆ ಬಿದ್ದ ಸದ್ದಿಗೆ ಅದರ ಕಣ್ಣು ಅರಳುತ್ತದೆ. ಆ ಸದ್ದು ಮತ್ತೆ ಕೇಳಬೇಕೆಂದು ಎಗರಿ ನೆಲ ಅದುರಿಸುತ್ತದೆ, ಮರಗಳಲ್ಲಿದ್ದ ನೀರೆಲ್ಲ ಒಮ್ಮೆಲೇ ಸುರಿಯುತ್ತದೆ. ಇಲ್ಲಿ ಅನುವಾದಿಸುವಂಥದ್ದು ಏನೂ ಇಲ್ಲ. ಈ ದೃಶ್ಯ ಬರುವಾಗ ‘ಈಗ ನೋಡಿ, ಈಗ ನೋಡಿ’ ಎಂದು ಹೇಳದೆ ಸುಮ್ಮನಿರುವುದೇ ನಿಮ್ಮ ಕೆಲಸ.

ಚಿಕ್ಕಮ್ಮನಿಗೆ ಕಳಿಸುವ ಸಂದೇಶ ಹೀಗಿದ್ದರೆ ಸಾಕು: ‘ಚಿಕ್ಕಮ್ಮ, ನೀವು ಕೇಳಿದ್ದಿರಲ್ಲ, ಇದನ್ನು ನೋಡಿ. ಮೈ ನೇಬರ್ ಟೊಟೊರೊ, ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ, ನೆಟ್‌ಫ್ಲಿಕ್ಸ್‌ನಲ್ಲಿದೆ. ಅಮ್ಮ ಆಸ್ಪತ್ರೆಯಲ್ಲಿರುವಾಗ ಅಕ್ಕ-ತಂಗಿ ಅಪ್ಪನ ಜೊತೆ ಹಳ್ಳಿಮನೆಗೆ ಬರುವ ಕಥೆ. ನಿಧಾನವಾಗಿದೆ, ಖಳನಾಯಕ ಯಾರೂ ಇಲ್ಲ. ಶನಿವಾರ ಸಂಜೆ ನಾನೂ ಬರುತ್ತೇನೆ, ಒಟ್ಟಿಗೆ ನೋಡೋಣ.’

ಹಂತ 8: ಮಾಂಗಾ ಕೊಡುವಾಗ ಮೊದಲ ಪುಟ ನೀವೇ ಓದಿಸಿ

ಮಾಂಗಾ ಬಲದಿಂದ ಎಡಕ್ಕೆ ಓದಬೇಕು ಎಂದು ಬಾಯಲ್ಲಿ ಹೇಳಿದರೆ ಸಾಲದು. ನಮಗೆ ಪುಸ್ತಕದ ಹಿಂಬದಿ ಎನಿಸುವ ಕಡೆಯಿಂದ ತೆರೆದು, ಬಲ ಮೇಲ್ತುದಿಯ ಚೌಕದ ಮೇಲೆ ಬೆರಳಿಡಿ. ಅಲ್ಲಿಂದ ಎಡಕ್ಕೆ, ಸಾಲು ಮುಗಿದರೆ ಕೆಳಗಿನ ಸಾಲಿನ ಬಲತುದಿಗೆ. ಚೌಕದೊಳಗಿನ ಮಾತಿನ ಗುಳ್ಳೆಗಳಿಗೂ ಇದೇ ಕ್ರಮ. ನಾಲ್ಕೈದು ಪುಟದಲ್ಲಿ ಕಣ್ಣು ಒಗ್ಗುತ್ತದೆ. ಇನ್ನೊಂದು ಮಾತು: ಮಾತಿಲ್ಲದ ಪುಟಗಳನ್ನು ಹಾರಿಸಬೇಡಿ ಎಂದು ತಿಳಿಸಿ. ತಕೆಹಿಕೊ ಇನೋಯೆ ಅವರ ಬಾಸ್ಕೆಟ್‌ಬಾಲ್ ಮಾಂಗಾ ‘ಸ್ಲ್ಯಾಮ್ ಡಂಕ್’ನ ಕೊನೆಯ ಪಂದ್ಯದ ಅಂತಿಮ ಕ್ಷಣಗಳಲ್ಲಿ ಮಾತೇ ಇಲ್ಲವೆನ್ನಬೇಕು, ಓಟ, ಬೆವರು, ಕೈ, ಚೆಂಡು ಅಷ್ಟೇ. ಅಕ್ಷರವಿಲ್ಲವೆಂದು ಸರಸರ ಮಗುಚಿದವರು 31 ಸಂಪುಟಗಳ ಫಲವನ್ನೇ ಕಳೆದುಕೊಳ್ಳುತ್ತಾರೆ.

ಮೊದಲ ಮಾಂಗಾ ಆಗಿ ‘ಡೆತ್ ನೋಟ್’ ಬೇಡ, ಮಾತಿನ ಗುಳ್ಳೆಗಳು ತುಂಬಿ ತುಳುಕುತ್ತವೆ. ಕಿಯೊಹಿಕೊ ಅಝುಮಾ ಅವರ ‘ಯೊತ್ಸುಬಾ’ ಕೊಡಿ: ಪುಟ್ಟ ಹುಡುಗಿಯೊಬ್ಬಳ ದಿನನಿತ್ಯದ ಬೆರಗು, ಮಕ್ಕಳೂ ದೊಡ್ಡವರೂ ಒಟ್ಟಿಗೆ ಓದಬಹುದು. ಮುಗಿದ, ಚಿಕ್ಕ ಸರಣಿ ಬೇಕೆಂದರೆ ನವೋಕಿ ಉರಾಸಾವಾ ಅವರ ‘ಪ್ಲೂಟೊ’, ಎಂಟೇ ಸಂಪುಟ. ಗಂಭೀರ ಓದುಗರಿಗೆ, ಅದರಲ್ಲೂ ನಮ್ಮವರಿಗೆ, ಒಸಾಮು ತೆಝುಕಾ ಅವರ ‘ಬುದ್ಧ’ ಸಹಜ ಆಯ್ಕೆ. ಇಂಗ್ಲಿಷಿನಲ್ಲಿ ಎಂಟು ಸಂಪುಟಗಳಲ್ಲಿ ಬಂದಿದೆ. ಅದು ಜಾತಕಕಥೆಯ ಭಕ್ತಿಪೂರ್ವಕ ಮರುನಿರೂಪಣೆಯಲ್ಲ. ತತ್ತ, ಚಾಪ್ರರಂಥ ಕಲ್ಪಿತ ಪಾತ್ರಗಳಿವೆ, ಜಾತಿಯ ಕ್ರೌರ್ಯವನ್ನು ನೇರವಾಗಿ ಚಿತ್ರಿಸಿದ್ದಾರೆ, ನಗ್ನತೆಯೂ ನಗೆಚಾಟಿಕೆಯೂ ಬೆರೆತಿವೆ. ಇದನ್ನು ಹೇಳಿಯೇ ಕೊಡಿ.

ಮೊದಲು ಒಂದೇ ಸಂಪುಟ ಕೊಳ್ಳಲು ಹೇಳಿ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳಲ್ಲಿ ಮಾಂಗಾಕ್ಕೆ ಈಗ ಪ್ರತ್ಯೇಕ ಕಪಾಟುಗಳಿವೆ. ನಿಂತು ತಿರುವಿ ನೋಡಬಹುದು. ಮೊಬೈಲಿನಲ್ಲಿ ಓದುವವರಿಗೆ ಶುಯೇಷಾ ಪ್ರಕಾಶನದ ‘ಮಾಂಗಾ ಪ್ಲಸ್’ ಆ್ಯಪ್ನಲ್ಲಿ ಅನೇಕ ಸರಣಿಗಳ ಮೊದಲ ಕೆಲವು ಅಧ್ಯಾಯಗಳು ಉಚಿತ.

ಹಂತ 9: ಒಂದು ವಾರ ಬಿಟ್ಟು ಕೇಳಿ

‘ನೋಡಿದೆಯಾ?’ ಎಂದು ದಿನವೂ ಕಾಡಬೇಡಿ. ವಾರದ ನಂತರ ‘ಯಾವ ಪಾತ್ರ ಹಿಡಿಸಿತು?’ ಎಂದು ಕೇಳಿ. ‘ಇಷ್ಟವಾಯಿತಾ?’ ಎಂದರೆ ಸೌಜನ್ಯಕ್ಕೆ ಹೌದು ಎನ್ನುತ್ತಾರೆ, ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಮೂರು ಕಂತು ನೋಡಿಯೂ ಹಿಡಿಸದಿದ್ದರೆ ಬಿಟ್ಟುಬಿಡಲಿ. ‘ನಿನಗೆ ಅರ್ಥವಾಗಲಿಲ್ಲ’ ಎಂಬ ಮಾತು ಮಾತ್ರ ನಿಮ್ಮ ಬಾಯಿಂದ ಬರಬಾರದು. ಯಾಕೆ ಹಿಡಿಸಲಿಲ್ಲ ಎಂದು ಕೇಳಿಕೊಂಡರೆ ಎರಡನೆಯ ಆಯ್ಕೆ ಮೊದಲನೆಯದಕ್ಕಿಂತ ಸರಿಯಾಗಿರುತ್ತದೆ.

ಹಿಡಿಸಿದ್ದರೆ, ಹಿಡಿಸಿದ ಅಂಶವನ್ನೇ ಹಿಂಬಾಲಿಸಿ. ‘ಡೆತ್ ನೋಟ್’ನಲ್ಲಿ ನ್ಯಾಯ-ಅನ್ಯಾಯದ ತೊಳಲಾಟ ಹಿಡಿಸಿದವರಿಗೆ ಉರಾಸಾವಾ ಅವರ ‘ಮಾನ್‌ಸ್ಟರ್’. ತಾನು ಬದುಕಿಸಿದ ಬಾಲಕ ಕೊಲೆಗಾರನಾದಾಗ ವೈದ್ಯನೊಬ್ಬ ಏನು ಮಾಡಬೇಕು ಎಂಬ ಕಥೆ, 74 ಕಂತು, ತಾಳ್ಮೆ ಇರುವವರಿಗೆ ಮಾತ್ರ. ‘ಟೊಟೊರೊ’ ಮೆಚ್ಚಿದವರಿಗೆ ‘ಕಿಕೀಸ್ ಡೆಲಿವರಿ ಸರ್ವಿಸ್’, ಅದಾದ ಮೇಲೆ ಆಸ್ಕರ್ ಪಡೆದ ‘ಸ್ಪಿರಿಟೆಡ್ ಅವೇ’. ‘ಹೈಕ್ಯೂ’ ಮುಗಿಸಿದವರ ಕೈಗೆ ‘ಸ್ಲ್ಯಾಮ್ ಡಂಕ್’ ಮೊದಲ ಸಂಪುಟ. ‘ಸಿಲ್ವರ್ ಸ್ಪೂನ್’ ಒಪ್ಪಿದವರಿಗೆ ಅದೇ ಅರಕಾವಾ ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’. ಆಗ 64 ಕಂತು ಎಂದರೂ ಅವರು ಹಿಂದೆಗೆಯುವುದಿಲ್ಲ.